ಮಣೆಯಿಂದ ಮಡಚುವ ಮಂಚದವರೆಗೆ: ದಕ್ಷಿಣ ಬೆಂಗಳೂರಿನ ಮನೆಯೊಳಗಿನ ಇತಿಹಾಸ



ಇತಿಹಾಸ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕೋಟೆ, ಶಾಸನ, ಯುದ್ಧ ಮತ್ತು ಒಪ್ಪಂದಗಳು. ಸಿಂಹಾಸನಗಳ ವಿಷಯವನ್ನು ನಾವು ಪಾಠದಲ್ಲಿ ಓದುತ್ತೇವೆ. ಆ ಪಾಠ ಓದಲು ನಾವು ಕುಳಿತಿರುವ ಕುರ್ಚಿಯ ವಿಷಯವನ್ನು ಯಾರೂ ಹೇಳಿಕೊಡುವುದಿಲ್ಲ. ಆದರೆ ಕುರ್ಚಿಗೂ ಒಂದು ಇತಿಹಾಸವಿದೆ. ಅದನ್ನು ಮಾಡಿದವರು ಯಾರು, ಯಾವ ಮರದಿಂದ ಮಾಡಿದರು, ಎಷ್ಟು ಜಾಗಕ್ಕಾಗಿ ಮಾಡಿದರು ಎಂದು ಕೇಳುತ್ತಾ ಹೋದರೆ ಒಂದು ಊರಿನ ಕಥೆಯೇ ತೆರೆದುಕೊಳ್ಳುತ್ತದೆ.

ಮಳೆಗಾಲದ ಸಂಜೆ ಮಕ್ಕಳು ಹಜಾರದ ಕುರ್ಚಿಗಳನ್ನು ಸಾಲಾಗಿ ಇಟ್ಟು ಬಸ್ಸು ಮಾಡುವುದನ್ನು ನೀವು ನೋಡಿರಬಹುದು. ಒಬ್ಬ ಚಾಲಕ, ಒಬ್ಬ ನಿರ್ವಾಹಕ, 'ರೈಟ್, ರೈಟ್' ಎಂದೊಡನೆ ಬಸ್ಸು ಹೊರಡುತ್ತದೆ. ಒಂದು ವಸ್ತುವನ್ನು ಒಂದೇ ಕೆಲಸಕ್ಕೆ ಕಟ್ಟಿಹಾಕದೆ 'ಇದು ಇನ್ನೇನಾಗಬಹುದು?' ಎಂದು ಕೇಳುವುದೇ ಈ ಆಟ. ಇಂದಿನ ಪೀಠೋಪಕರಣ ವಿನ್ಯಾಸಕಾರರು ಕೇಳುವುದೂ ಇದೇ ಪ್ರಶ್ನೆಯನ್ನು. ಇದು ಹೊಸ ಕಾಲದ ಪ್ರಶ್ನೆಯೆಂದು ಹಲವರು ತಿಳಿದಿದ್ದಾರೆ. ಅದು ಎಷ್ಟು ಹಳೆಯದು, ನಡುವೆ ಏಕೆ ಮರೆಯಾಯಿತು, ಈಗ ಹೇಗೆ ಮರಳಿ ಬಂದಿದೆ ಎಂಬುದನ್ನು ಬೆಂಗಳೂರಿನ ದಕ್ಷಿಣ ಭಾಗದ ಮನೆಗಳನ್ನು ಮುಂದಿಟ್ಟುಕೊಂಡು ನೋಡೋಣ.

ಶಬ್ದಗಳು ಹೇಳುವ ಸಾಕ್ಷ್ಯ

ಮೊದಲು ನಮ್ಮ ಮಾತನ್ನೇ ಪರೀಕ್ಷಿಸೋಣ. 'ಮಣೆ' ಅಚ್ಚಕನ್ನಡ ಶಬ್ದ. 'ಮಂಚ', 'ಪೀಠ' ಸಂಸ್ಕೃತದಿಂದ ಬಂದವು. 'ಕುರ್ಚಿ'ಯ ಮೂಲ ಅರಬ್ಬಿ ಭಾಷೆಯ 'ಕುರ್ಸಿ'. 'ಮೇಜು' ಪಾರಸಿಯಿಂದ ಬಂದಿತು. 'ಅಲಮಾರು' ಪೋರ್ಚುಗೀಸರ 'ಅರ್ಮಾರಿಯೊ'. 'ಬೆಂಚು', 'ಸ್ಟೂಲು', 'ಸೋಫಾ' ನಮಗೆ ಇಂಗ್ಲಿಷಿನ ಮೂಲಕ ದೊರೆತವು. ನೆಲಕ್ಕೆ ಹತ್ತಿರವಿರುವ ವಸ್ತುಗಳಿಗೆ ಹಳೆಯ ಹೆಸರು, ನೆಲದಿಂದ ಎತ್ತರಕ್ಕೆ ಹೋದವುಗಳಿಗೆ ಹೆಚ್ಚಾಗಿ ಹೊರಗಿನ ಹೆಸರು. ನಮ್ಮ ಹಿರಿಯರು ಬಹುಮಟ್ಟಿಗೆ ನೆಲದ ಮೇಲೆ ಬದುಕಿದವರೆಂಬುದಕ್ಕೆ ಈ ಶಬ್ದಗಳೇ ಸಾಕ್ಷಿ.

ನೆಲದ ಮೇಲೆ ಬದುಕುವ ಮನೆಯಲ್ಲಿ ಕೋಣೆಗೆ ಒಂದೇ ಹೆಸರಿರಲಿಲ್ಲ. ಮಧ್ಯಾಹ್ನ ಮಣೆ ಹಾಕಿದರೆ ಅದು ಊಟದ ಮನೆ. ಚಾಪೆ ಹಾಸಿದರೆ ಓದುವ ಮನೆ. ರಾತ್ರಿ ಹಾಸಿಗೆ ಬಿಡಿಸಿದರೆ ಮಲಗುವ ಮನೆ. ಕೆಲಸ ಮುಗಿದ ಮೇಲೆ ಮಣೆ ಗೋಡೆಗೆ ಒರಗುತ್ತಿತ್ತು, ಚಾಪೆ ಸುರುಳಿಯಾಗುತ್ತಿತ್ತು.

ಈ ಬಾಳುವೆಯೊಳಗೆ ಹುಟ್ಟಿದ ಮೂರು ವಸ್ತುಗಳನ್ನು ಗಮನಿಸಿ. ಒಂದು, ಗ್ರಂಥವನ್ನಿಟ್ಟು ಓದುವ ವ್ಯಾಸಪೀಠ. ಇದನ್ನು ಒಂದೇ ಹಲಗೆಯಿಂದ ಮಾಡುವ ಪದ್ಧತಿಯುಂಟು. ಮೊಳೆಯಿಲ್ಲ, ಅಂಟಿಲ್ಲ, ಕೀಲನ್ನೂ ಬೇರೆಯಾಗಿ ಜೋಡಿಸುವುದಿಲ್ಲ. ಹಲಗೆಯ ನಡುವೆ ಬೆರಳುಗಳಂತೆ ಹೆಣೆದುಕೊಳ್ಳುವ ಹಾಗೆ ಕೊರೆದು ಅದನ್ನೇ ಎರಡಾಗಿ ತೆರೆಯುತ್ತಾರೆ. ಎರಡು, ಅಳಗುಳಿಮಣೆ ಅಥವಾ ಚೆನ್ನೆಮಣೆ. ಸಾಲುಸಾಲಾಗಿ ಗುಳಿಗಳಿರುವ ಈ ಆಟದ ಹಲಗೆಯನ್ನು ಕೆಲವೆಡೆ ಮಡಚುವಂತೆಯೂ ಮಾಡುತ್ತಾರೆ. ಮೂರು, ಮಗು ಹಿಡಿದು ನಡೆಯಲು ಕಲಿಯುವ ಮೂರು ಗಾಲಿಯ ಮರದ ಗಾಡಿ. ಇವುಗಳನ್ನು ಮಾಡಿದ ಬಡಗಿಗಳ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಆದರೆ ಮಡಚುವುದು, ಕಳಚುವುದು, ಆಡುವುದು ಎಂಬ ಮೂರೂ ಗುಣಗಳು ಅವರಿಗೆ ತಿಳಿದಿದ್ದವು.

ಜಯನಗರದ ಹಜಾರ

ಈಗ ನಗರಕ್ಕೆ ಬರೋಣ. 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದಿತು. ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತ ಈ ಬಡಾವಣೆಯಲ್ಲಿ ಅಡ್ಡರಸ್ತೆ, ಮುಖ್ಯರಸ್ತೆ, ಬ್ಲಾಕು ಎಲ್ಲವೂ ಅಳತೆಯಂತೆ ನಿಂತವು. ಮನೆ ಕಟ್ಟುವವರ ಮಾತಿನಲ್ಲಿ 'ಮೂವತ್ತು-ನಲವತ್ತು', 'ನಲವತ್ತು-ಅರವತ್ತು' ಎಂಬ ನಿವೇಶನಗಳ ಅಳತೆ ಗಾದೆಯಂತೆ ನೆಲೆನಿಂತಿತು. ಮೂವತ್ತು-ನಲವತ್ತೆಂದರೆ 1200 ಚದರಡಿ. ಅದರಲ್ಲಿ ಸುತ್ತ ಬಿಡಬೇಕಾದ ಜಾಗ ಬಿಟ್ಟು ಮನೆ ಕಟ್ಟಬೇಕು. ಕೋಣೆಗಳಿಗೆ ಈಗ ಖಾಯಂ ಹೆಸರು ಬಂದಿತು: ಹಾಲು, ರೂಮು, ಅಡುಗೆಮನೆ. ಹೆಸರು ಖಾಯಂ ಆದೊಡನೆ ಅಲ್ಲಿಡುವ ವಸ್ತುಗಳೂ ಖಾಯಂ ಆದವು.

ಆ ದಿನಗಳಲ್ಲಿ ಅಂಗಡಿಯಿಂದ ಪೀಠೋಪಕರಣ ತರುವುದಕ್ಕಿಂತ ಆಚಾರಿಯನ್ನು ಮನೆಗೆ ಕರೆಸುವುದು ವಾಡಿಕೆಯಾಗಿತ್ತು. ಮರ ತಂದು ಹಾಕಿದರೆ ಅವರು ಉಳಿ, ಗರಗಸ, ಉಜ್ಜುಗೊರಡು ಹಿಡಿದು ಅಂಗಳದಲ್ಲಿಯೇ ವಾರಗಟ್ಟಲೆ ಕೆಲಸ ಮಾಡುತ್ತಿದ್ದರು. 'ಅಜ್ಜಿಗೆ ಮಂಡಿನೋವು, ಸ್ವಲ್ಪ ಎತ್ತರ ಇರಲಿ', 'ಕಿಟಕಿಯ ಕೆಳಗೆ ಕೂರುವಂತೆ ಮಾಡಿ, ಒಳಗೆ ಹಾಸಿಗೆ ಇಡಲು ಜಾಗವಿರಲಿ' ಎಂದು ಮನೆಯವರು ಹೇಳುತ್ತಿದ್ದರು. ಹಗಲು ಕೂರುವ, ರಾತ್ರಿ ಮಲಗುವ, ಒಳಗೆ ಸಾಮಾನು ತುಂಬುವ ದಿವಾನ ಅಂತಹ ಮಾತುಕತೆಗೆ ಒಳ್ಳೆಯ ಉದಾಹರಣೆ. ಬಳಸುವವನೂ ಮಾಡುವವನೂ ಎದುರುಬದುರು ನಿಂತು ಮಾತನಾಡುವುದನ್ನೇ ವಿನ್ಯಾಸವೆನ್ನಬಹುದು.

ಇದರ ಪಕ್ಕದಲ್ಲಿಯೇ ಕಾರ್ಖಾನೆಯ ವಸ್ತುಗಳೂ ಬಂದವು. ಗೋದ್ರೆಜ್ ಕಂಪೆನಿ 1923ರಿಂದಲೇ ಉಕ್ಕಿನ ಬೀರುಗಳನ್ನು ಮಾಡುತ್ತಿತ್ತು. ಮನೆಮನೆಗೂ ಅದರ ಹಸಿರು, ಬೂದು ಬಣ್ಣದ ಬೀರು ಬಂದು ನಿಂತಿತು. ಮುಂದೆ ಒಂದೇ ಅಚ್ಚಿನಿಂದ ತೆಗೆಯುವ ಪ್ಲಾಸ್ಟಿಕ್ ಕುರ್ಚಿ ಬಂದಿತು. ಫ್ರಾನ್ಸಿನ ಆನ್ರಿ ಮಸೊನೆ 1972ರಲ್ಲಿ ಇಂತಹ ಕುರ್ಚಿಯನ್ನು ರೂಪಿಸಿ, ಕೆಲವೇ ನಿಮಿಷಗಳಲ್ಲಿ ಒಂದು ಕುರ್ಚಿ ತಯಾರಾಗುವಂತೆ ಮಾಡಿದನು. ಇದು ಬಡವರಿಗೂ ಎಟುಕುವ ಕುರ್ಚಿ, ಒಂದರ ಮೇಲೊಂದು ಪೇರಿಸಬಹುದು, ಮಳೆಗೆ ಕೆಡುವುದಿಲ್ಲ. ಈ ಉಪಕಾರವನ್ನು ಮರೆಯಬಾರದು. ಆದರೆ ಅಜ್ಜಿಯ ಮಂಡಿನೋವಿನ ವಿಷಯವನ್ನು ಅಚ್ಚಿಗೆ ಹೇಳಲಾಗುವುದಿಲ್ಲ. ಕಾಲು ಮುರಿದರೆ ಅದನ್ನು ಸರಿಮಾಡುವ ಆಚಾರಿಯೂ ಇಲ್ಲ.

ಪ್ರಪಂಚದಲ್ಲಿ ನಡೆದ ಪ್ರಯೋಗಗಳು

ಇದೇ ಚಿಂತೆ ಬೇರೆ ದೇಶಗಳಲ್ಲಿಯೂ ಇತ್ತು. 1859ರಲ್ಲಿ ಮೈಕೆಲ್ ಥೋನೆಟ್ ಎಂಬಾತ ಮರವನ್ನು ಹಬೆಯಲ್ಲಿ ಬೇಯಿಸಿ ಬಾಗಿಸಿ ಮಾಡಿದ ಹದಿನಾಲ್ಕನೆಯ ಸಂಖ್ಯೆಯ ಕುರ್ಚಿ ಪ್ರಸಿದ್ಧವಾಗಿದೆ. ಅದನ್ನು ಬಿಡಿಬಿಡಿಯಾಗಿ ಕಳಚಿ, ಒಂದು ಘನಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿಗಳನ್ನು ತುಂಬಿ ಹಡಗಿಗೆ ಹಾಕುತ್ತಿದ್ದರು. 1974ರಲ್ಲಿ ಇಟಲಿಯ ಎಂಜೊ ಮಾರಿ ಇನ್ನೊಂದು ದಾರಿ ಹಿಡಿದನು. ಸಾಮಾನ್ಯ ಹಲಗೆ ಮತ್ತು ಮೊಳೆಗಳಿಂದ ಯಾರಾದರೂ ತಾವೇ ಮೇಜು, ಕುರ್ಚಿ, ಮಂಚ ಮಾಡಿಕೊಳ್ಳಬಹುದಾದ ನಕ್ಷೆಗಳನ್ನು ಅಂಚೆವೆಚ್ಚ ಕಳುಹಿಸಿದವರಿಗೆಲ್ಲ ಹಂಚಿದನು. 1981ರಲ್ಲಿ ಮಿಲಾನ್ ನಗರದ 'ಮೆಂಫಿಸ್' ಗುಂಪಿನ ಎತ್ತೊರೆ ಸೊಟ್ಸಾಸ್ 'ಕಾರ್ಲ್‌ಟನ್' ಎಂಬ ಪುಸ್ತಕದ ಕಪಾಟನ್ನು ರಚಿಸಿದನು. ಕೈಕಾಲು ಚಾಚಿ ನಿಂತ ಬೊಂಬೆಯಂತೆ ಕಾಣುವ ಅದರ ಮೈಗೆ ಹಚ್ಚಿದ್ದು, ನಮ್ಮ ಜನ ಸನ್‌ಮೈಕಾ ಎಂದು ಕರೆಯುವ ಜಾತಿಯ ಲ್ಯಾಮಿನೇಟ್ ಹಾಳೆಯನ್ನು. ಅಡುಗೆಮನೆಯ ಕಟ್ಟೆಗೆ ಅಂಟಿಸುವ ಅಗ್ಗದ ವಸ್ತುವಿನಿಂದಲೂ ನಗುವ ಕಪಾಟನ್ನು ಮಾಡಬಹುದೆಂದು ಅವನು ತೋರಿಸಿದನು.

ನಮ್ಮ ದೇಶದಲ್ಲಿ ಸರ್ಕಾರದ ಆಹ್ವಾನದ ಮೇಲೆ ಬಂದ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿಗಳು 1958ರಲ್ಲಿ ಒಂದು ವರದಿ ಸಲ್ಲಿಸಿದರು. ಕುರ್ಚಿಗಳಿಗಾಗಿ ಲೋಕಪ್ರಸಿದ್ಧರಾದ ಅವರು ಆ ವರದಿಯಲ್ಲಿ ಮೆಚ್ಚಿ ಬರೆದದ್ದು ನಮ್ಮ ಮನೆಯ ಚೊಂಬನ್ನು! ತಲೆಮಾರುಗಳ ಬಳಕೆಯಲ್ಲಿ ಅದರ ಆಕಾರ ಪಳಗಿದೆಯೆಂಬುದು ಅವರ ಅಭಿಪ್ರಾಯ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. 2006ರಲ್ಲಿ ಬೆಂಗಳೂರಿನಲ್ಲಿಯೂ ಅದರ ಒಂದು ಆವರಣ ಆರಂಭವಾಯಿತು.

ಮತ್ತೆ ಬಂದ ಆಟ

1991ರ ಆರ್ಥಿಕ ಬದಲಾವಣೆಯ ನಂತರ ಬೆಂಗಳೂರಿನ ಮನೆಗಳು ಬೇರೆಯಾದವು. ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರಗಳಲ್ಲಿ ಸಾಫ್ಟ್‌ವೇರ್ ಉದ್ಯೋಗಕ್ಕೆಂದು ಬಂದ ಯುವಕ-ಯುವತಿಯರು ಸಣ್ಣ ಬಾಡಿಗೆ ಮನೆಗಳಲ್ಲಿ, ಪಿ.ಜಿ. ಕೋಣೆಗಳಲ್ಲಿ ನೆಲೆಸಿದರು. ಇಂದು ಇಲ್ಲಿ, ನಾಳೆ ಇನ್ನೊಂದು ಕಡೆ ಎಂಬ ಬಾಳಿಗೆ ಬೀಟೆಮರದ ಭಾರವಾದ ಮಂಚ ಒಗ್ಗಲಿಲ್ಲ. ಅಂತರಜಾಲದಲ್ಲಿ ಪೀಠೋಪಕರಣ ಮಾರುವ ಅರ್ಬನ್ ಲ್ಯಾಡರ್, ತಿಂಗಳ ಬಾಡಿಗೆಗೆ ಕೊಡುವ ಫರ್ಲೆಂಕೊ ಕಂಪೆನಿಗಳು ಬೆಂಗಳೂರಿನಲ್ಲಿಯೇ ಹುಟ್ಟಿದವು. 2022ರಲ್ಲಿ ನಗರದ ಉತ್ತರ ಭಾಗದ ನಾಗಸಂದ್ರದಲ್ಲಿ ಸ್ವೀಡನ್ ಮೂಲದ ಐಕಿಯಾ ಮಳಿಗೆ ತೆರೆಯಿತು. ಹಲಗೆ ಮತ್ತು ತಿರುಪುಗಳನ್ನು ಚಪ್ಪಟೆ ಪೆಟ್ಟಿಗೆಯಲ್ಲಿ ಮನೆಗೆ ತಂದು ಜೋಡಿಸಿಕೊಳ್ಳುವುದು ಅದರ ಪದ್ಧತಿ. ಗೋಡೆಗೆ ಮಡಚುವ ಮಂಚ, ಊಟದ ಮೇಜಾಗುವ ಕಪಾಟು, ಒಂದರೊಳಗೊಂದು ಅಡಗುವ ಸ್ಟೂಲುಗಳು ಮನೆಗೆ ಬಂದವು. ಗೋಡೆಗೆ ಒರಗಿದ ಮಣೆಯ ಬುದ್ಧಿಯೇ ಹೊಸ ವೇಷದಲ್ಲಿ ಮರಳಿತೆನ್ನಬಹುದು.

ಇದರ ಜೊತೆಗೆ ನಮ್ಮ ವಿನ್ಯಾಸಕಾರರು ಕೈಕಸುಬನ್ನೂ ಆಟವನ್ನೂ ಬೆಸೆಯುತ್ತಿದ್ದಾರೆ. ಬೆಂಗಳೂರಿನ ಸಂದೀಪ್ ಸಂಗಾರು ಅವರು ಬಿದಿರಿನ ಸೀಳುಗಳನ್ನು ಸೇತುವೆಗಳಲ್ಲಿ ಕಾಣುವ ತ್ರಿಕೋನ ಚೌಕಟ್ಟಿನಂತೆ ಜೋಡಿಸಿ ಹಗುರವಾದ ಪೀಠೋಪಕರಣಗಳನ್ನು ಮಾಡಿದ್ದಾರೆ. ಅಂತಹ ಚೌಕಟ್ಟಿಗೆ ಇಂಗ್ಲಿಷಿನಲ್ಲಿ 'ಟ್ರಸ್' ಎಂದು ಹೆಸರು. ತಮ್ಮ ಮಾಲೆಗೆ ಅವರು 'ಟ್ರಸ್ ಮಿ' ಎಂದು ಹೆಸರಿಟ್ಟರು. 'ನನ್ನನ್ನು ನಂಬಿ' ಎಂಬರ್ಥದ ಇಂಗ್ಲಿಷ್ ಮಾತಿನೊಡನೆ ಆಡಿದ ಶ್ಲೇಷೆ ಇದು. ಇಷ್ಟು ತೆಳ್ಳನೆಯ ಬಿದಿರು ನನ್ನ ಭಾರ ಹೊತ್ತೀತೇ ಎಂದು ಅಳುಕುವವನಿಗೆ ಹೆಸರೇ ಉತ್ತರ ಕೊಡುತ್ತದೆ. ದೆಹಲಿಯ ಗುಂಜನ್ ಗುಪ್ತಾ ಅವರು ಸೈಕಲ್ಲಿನ ಮೇಲೆ ಮೂಟೆ ಹೇರಿಕೊಂಡು ಹೋಗುವ ವ್ಯಾಪಾರಿಗಳನ್ನು ನೋಡಿ, ಗೋಣಿಮೂಟೆ ಮತ್ತು ಸೈಕಲ್ಲಿನ ಭಾಗಗಳಿಂದ ಆಸನ ಮಾಡಿದರು. ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಕುಶಲಕರ್ಮಿಗಳು ಆಲೆ ಮರವನ್ನು ಯಂತ್ರದಲ್ಲಿ ತಿರುಗಿಸುತ್ತಾ ಅದಕ್ಕೆ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಬೊಂಬೆ ಮಾಡುತ್ತಿದ್ದ ಅದೇ ಕೈಗಳು ಈಗ ದೀಪದ ಕಂಬ, ಕಪಾಟಿನ ಹಿಡಿಗಳನ್ನೂ ಮಾಡುತ್ತವೆ.

ಚಂಡೀಗಢ ಕಲಿಸಿದ ಪಾಠ

ಕೊನೆಯದಾಗಿ ಒಂದು ಎಚ್ಚರಿಕೆಯ ಕಥೆ. 1950ರ ದಶಕದಲ್ಲಿ ಚಂಡೀಗಢ ನಗರವನ್ನು ಕಟ್ಟುವಾಗ ಅಲ್ಲಿನ ಕಚೇರಿಗಳಿಗಾಗಿ ಪಿಯರ್ ಜಾನ್ನರೆ ಮತ್ತು ಸಂಗಡಿಗರು ತೇಗ ಹಾಗೂ ಬೆತ್ತದ ಕುರ್ಚಿಗಳನ್ನು ರೂಪಿಸಿದರು. ಮಾಡಿದವರು ನಮ್ಮ ಬಡಗಿಗಳು. ಕಾಲಕ್ರಮದಲ್ಲಿ ಅವು ಹಳತಾದವೆಂದು ಕಚೇರಿಗಳ ಮೂಲೆಯಲ್ಲಿ, ಚಾವಣಿಯ ಮೇಲೆ ರಾಶಿಬಿದ್ದು ಹರಾಜಾದವು. ಅಗ್ಗಕ್ಕೆ ಕೊಂಡವರು ಅವನ್ನು ಹೊರದೇಶಗಳಲ್ಲಿ ಲಕ್ಷಗಟ್ಟಲೆ ಬೆಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟವನ್ನು ತಡೆಯುವ ಆದೇಶ ಹೊರಡಿಸಬೇಕಾಯಿತು. ಇಂದು ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಎಂಬ ಕಾರ್ಯಾಗಾರದಲ್ಲಿ ಬಡಗಿಗಳು ಅದೇ ಮಾದರಿಯ ಕುರ್ಚಿಗಳನ್ನು ಕೈಯಿಂದ ಮತ್ತೆ ಮಾಡುತ್ತಿದ್ದಾರೆ.

ಇದು ದೂರದ ಊರಿನ ಕಥೆಯೆಂದು ತಿಳಿಯಬೇಡಿ. ಜಯನಗರ, ಬನಶಂಕರಿಗಳಲ್ಲಿ ಹಳೆಯ ಮನೆಗಳು ಕೆಡವಲ್ಪಟ್ಟು ಬಹುಮಹಡಿಗಳು ಏಳುತ್ತಿವೆ. ಮನೆ ಕೆಡವುವ ಮುನ್ನ ದಿವಾನ, ಬೆತ್ತದ ಕುರ್ಚಿ, ತೂಗುಮಣೆಗಳು ಗುಜರಿಗೆ ಹೋಗುತ್ತವೆ. ಹೊಸ ಮನೆಗೆ ಅವೆಲ್ಲವನ್ನೂ ಒಯ್ಯುವುದು ಸಾಧ್ಯವಿಲ್ಲ ಎಂಬುದು ನಿಜ. ಆದರೆ ವಸ್ತುವಿನ ಜೊತೆಗೆ, ಅದನ್ನು ಹೀಗೇಕೆ ಮಾಡಿದರು ಎಂಬ ತಿಳಿವಳಿಕೆಯೂ ಹೋಗಿಬಿಡುತ್ತದೆ. ನಷ್ಟವಿರುವುದು ಅಲ್ಲಿ.

ಆದ್ದರಿಂದ ಈ ವಾರ ನೀವು ಒಂದು ಕೆಲಸ ಮಾಡಿ. ನಿಮ್ಮ ಮನೆಯ ಅಥವಾ ನೆರೆಮನೆಯ ಅತ್ಯಂತ ಹಳೆಯ ಪೀಠೋಪಕರಣವನ್ನು ಆರಿಸಿಕೊಳ್ಳಿ. ಅದರ ಉದ್ದ, ಅಗಲ, ಎತ್ತರಗಳನ್ನು ಅಳೆದು ಚಿತ್ರ ಬರೆಯಿರಿ. ತಲೆಕೆಳಗು ಮಾಡಿ ನೋಡಿ: ಮೊಳೆ ಹೊಡೆದಿದ್ದಾರೆಯೇ, ಕಚ್ಚು ಹಾಕಿ ಕೂಡಿಸಿದ್ದಾರೆಯೇ? ಮರ ಯಾವುದು, ಮಾಡಿದ ಆಚಾರಿ ಯಾರು, ಯಾರಿಗಾಗಿ ಆ ಎತ್ತರ ಇಟ್ಟರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಅನಂತರ ಅದು ಇನ್ನೇನಾಗಬಹುದೆಂದು ಯೋಚಿಸಿ, ಪಕ್ಕದ ಪುಟದಲ್ಲಿ ನಿಮ್ಮದೇ ಒಂದು ಚಿತ್ರ ಬರೆಯಿರಿ. ಮೊದಲನೆಯ ಚಿತ್ರ ನೀವು ಬರೆದ ಇತಿಹಾಸ, ಎರಡನೆಯದು ನಿಮ್ಮ ವಿನ್ಯಾಸ. ಎರಡನ್ನೂ ಒಂದೇ ಪುಸ್ತಕದಲ್ಲಿ ಇಟ್ಟುಕೊಳ್ಳಿ.