ಲಕ್ಷ್ಮಣಫಲ ಕ್ಯಾನ್ಸರ್ ವಾಸಿ ಮಾಡುತ್ತದೆಯೇ? ಹಿತ್ತಲಲ್ಲಿ ಬೆಳೆಸುವುದು ಹೇಗೆ?

ಮೈತುಂಬ ಮೆತ್ತನೆಯ ಮುಳ್ಳಿರುವ ಹಸಿರು ಹಣ್ಣಿನ ಫೋಟೊ, ಕೆಳಗೆ ‘ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ’ ಎಂಬ ಬರಹ. ಈ ಸಂದೇಶ ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಫೋಟೊದಲ್ಲಿರುವುದು ಲಕ್ಷ್ಮಣಫಲ. ಮುಳ್ಳು ರಾಮಫಲ ಎಂದೂ ಕರೆಯುತ್ತಾರೆ. ಸೀತಾಫಲ, ರಾಮಫಲಗಳ ಹತ್ತಿರದ ನೆಂಟ. ಮೂಲ ಮಾತ್ರ ಅಮೆರಿಕ ಖಂಡದ ಉಷ್ಣವಲಯ.

10,000 ಎಂಬ ಸಂಖ್ಯೆ ಪೂರ್ತಿ ಕಟ್ಟುಕಥೆಯಲ್ಲ, ತೊಂದರೆ ಇರುವುದೇ ಅಲ್ಲಿ. 1996ರಲ್ಲಿ ಪ್ರಕಟವಾದ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಈ ಗಿಡದ ಬೀಜದಿಂದ ಬೇರ್ಪಡಿಸಿದ ಒಂದು ರಾಸಾಯನಿಕವು ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಅಡ್ರಿಯಾಮೈಸಿನ್ ಔಷಧಿಗಿಂತ ಅಷ್ಟು ಪಟ್ಟು ಪ್ರಬಲವಾಗಿತ್ತು ಎಂದಿದೆ. ಆದರೆ ಅದು ಬೀಜದ ಸಾರ, ನಾವು ತಿನ್ನುವ ತಿರುಳಲ್ಲ. ಪ್ರಯೋಗ ನಡೆದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲೆ, ರೋಗಿಗಳ ಮೇಲಲ್ಲ. ಅಂಥ ಕೋಶಗಳನ್ನು ಬ್ಲೀಚಿಂಗ್ ಪೌಡರ್ ಕೂಡ ಕೊಲ್ಲುತ್ತದೆ! ಈ ಹಣ್ಣಾಗಲಿ, ಎಲೆಯ ಕಷಾಯವಾಗಲಿ ಮನುಷ್ಯರ ಕ್ಯಾನ್ಸರ್ ವಾಸಿಮಾಡುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಇದನ್ನು ನಂಬಿ ಚಿಕಿತ್ಸೆ ಮುಂದೂಡಿದರೆ, ಗುಣವಾಗಬಹುದಾದ ಹಂತ ಕೈತಪ್ಪಿಹೋಗಬಹುದು.

ಫಾರ್ವರ್ಡ್ ಹೇಳದ ಇನ್ನೊಂದು ಮಾತಿದೆ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಜಾತಿಯ ಹಣ್ಣು, ಎಲೆಯ ಚಹಾ ಹೆಚ್ಚು ಸೇವಿಸುವವರಲ್ಲಿ ಪಾರ್ಕಿನ್ಸನ್ ಹೋಲುವ ನರರೋಗ ಹೆಚ್ಚಾಗಿ ಕಂಡುಬಂದದ್ದನ್ನು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಗಿಡದಲ್ಲಿರುವ ಅನೊನಾಸಿನ್ ಎಂಬ ಅಂಶ ನರಕೋಶಗಳಿಗೆ ಹಾನಿ ಮಾಡುವುದು ಇಲಿಗಳಲ್ಲಿ ಕಂಡಿದೆ. ಹಣ್ಣೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ, ನಿಜ. ಅಪರೂಪಕ್ಕೊಂದು ಹಣ್ಣು ತಿನ್ನಲು ಹೆದರಬೇಕಿಲ್ಲ. ದಿನಾ ಎಲೆ ಕುದಿಸಿ ಕುಡಿಯುವ ಅಭ್ಯಾಸ ಬೇಡ. ಬೀಜ ವಿಷಕಾರಿ, ತೆಗೆದು ಎಸೆಯಿರಿ. ಸಕ್ಕರೆ ಕಾಯಿಲೆ, ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರು ಇದರ ಕಷಾಯ, ಪುಡಿ ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಿ.

ಇನ್ನು ಹಣ್ಣಿಗಾಗಿ ಬೆಳೆಸುವುದಾದರೆ ಒಳ್ಳೆಯ ಗಿಡ. ಹುಳಿಸಿಹಿ ತಿರುಳಿನ ಜ್ಯೂಸ್ ಬೇಸಿಗೆಗೆ ಸೊಗಸು. ಸದಾ ಹಸಿರಾಗಿರುವ ಸಣ್ಣ ಮರ, ಇಪ್ಪತ್ತು-ಮೂವತ್ತು ಅಡಿಯೊಳಗೇ ನಿಲ್ಲುತ್ತದೆ. ಬಿಸಿ, ತೇವದ ಹವೆ ಇಷ್ಟ. ಹಾಗಾಗಿ ಕರಾವಳಿಯ ಹಿತ್ತಲಿಗೆ ಚೆನ್ನಾಗಿ ಒಗ್ಗುತ್ತದೆ. ಕೊರೆಯುವ ಚಳಿ ಆಗದು. ಬೇರು ಆಳಕ್ಕಿಳಿಯುವುದಿಲ್ಲ, ಆದ್ದರಿಂದ ಬುಡಕ್ಕೆ ತರಗೆಲೆ ಮುಚ್ಚಿ. ನೀರು ನಿಲ್ಲಲು ಬಿಡಬೇಡಿ. ಬೀಜದಿಂದ ಬೆಳೆಸಿದ ಗಿಡ ಮೂರರಿಂದ ಐದು ವರ್ಷಕ್ಕೆ ಫಲ ಕೊಡುತ್ತದೆ.

‘ಹೂ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ’ ಎಂಬುದು ಸಾಮಾನ್ಯ ದೂರು. ಇದರ ಹೂವಿನಲ್ಲಿ ಹೆಣ್ಣು ಭಾಗ ಮೊದಲು ಸಿದ್ಧವಾಗುತ್ತದೆ, ಪರಾಗ ಉದುರುವುದು ಆಮೇಲೆ. ನಡುವೆ ಪರಾಗ ಸಾಗಿಸಬೇಕಾದ ಸಣ್ಣ ದುಂಬಿಗಳು ಕಡಿಮೆಯಿದ್ದರೆ ಕಾಯಿ ಕಚ್ಚುವುದಿಲ್ಲ, ಕಚ್ಚಿದರೂ ಸೊಟ್ಟಗಾಗುತ್ತದೆ. ಪೂರ್ತಿ ಅರಳಿದ ಹೂವಿನ ಪರಾಗವನ್ನು ಮೃದುವಾದ ಬ್ರಷ್‌ನಲ್ಲಿ ತೆಗೆದು, ಆಗಷ್ಟೇ ಬಿರಿಯುತ್ತಿರುವ ಹೂವಿನ ನಡುಭಾಗಕ್ಕೆ ಸವರಿ ನೋಡಿ.

ಮರದಲ್ಲೇ ಹಣ್ಣಾಗಲು ಬಿಟ್ಟರೆ ಬಿದ್ದು ಒಡೆದುಹೋಗುತ್ತದೆ. ಕಡುಹಸಿರು ತಿಳಿಯಾಗಿ, ಮುಳ್ಳುಗಳ ನಡುವಿನ ಅಂತರ ಹೆಚ್ಚಿದಾಗ, ಇನ್ನೂ ಗಟ್ಟಿಯಿರುವಾಗಲೇ ಕೊಯ್ಯಿರಿ. ನಾಲ್ಕೈದು ದಿನದಲ್ಲಿ ಮೆತ್ತಗಾಗುತ್ತದೆ.