ಕ್ಯಾಮ್‌ಶಾಫ್ಟಿನ ಮೇಲಿನ ಒಂದು ಮೊಳೆ

ಮಳೆಗಾಲದ ಭಾನುವಾರಗಳಂದು ಡೊಂಬಿವಲಿ, ಕಲ್ಯಾಣಗಳಿಂದ ಮುರಬಾಡ್ ದಾರಿಯಾಗಿ ಮಾಳಶೇಜ್ ಘಾಟಿಗೆ ಹೊರಡುವ ಬೈಕುಗಳಲ್ಲಿ ಬಹುಪಾಲು ಇಂದು ಗುಂಡಿ ಒತ್ತಿದರೆ ಸಾಕು, ಚಾಲೂ ಆಗುತ್ತವೆ. ಮೈಸೂರಿನ ಜಾವಾ, ಯೆಜ್ಡಿಗಳ ಸದ್ದು ಕೇಳಿ ಬೆಳೆದ ನಮಗೆ ಕಿಕ್ ಹೊಡೆಯುವುದೂ ದೊಡ್ಡ ವಿದ್ಯೆಯೆನಿಸಿರಲಿಲ್ಲ. 1961ರಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಅವು ಟು ಸ್ಟ್ರೋಕ್ ಗಾಡಿಗಳು. ಗೇರಿನ ಲಿವರನ್ನೇ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್.

ವಿದ್ಯೆ ಬೇಕಾಗಿದ್ದದ್ದು ಬುಲೆಟ್ಟಿಗೆ. 1955ರಲ್ಲಿ ಮದರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಇಂಡಿಯಾದ ಈ ಗಾಡಿಯದು 346 ಸಿಸಿಯ ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್. ಅದರಲ್ಲಿ ಒತ್ತಿದ ಗಾಳಿಯ ವಿರುದ್ಧ ಕಾಲು ಸೆಣಸಬೇಕು. ಪಿಸ್ಟನ್ ತುದಿ ದಾಟುವ ಮೊದಲೇ ಕಿಡಿ ಹೊತ್ತಿದರೆ ಕಿಕ್ಕರ್ ತಿರುಗಿ ಒದೆಯುತ್ತದೆ. ಕಾಲು ಮುರಿದುಕೊಂಡವರ ಕಥೆಯಿಲ್ಲದ ಗ್ಯಾರೇಜಿಲ್ಲ. ಆದ್ದರಿಂದ ಕಿಕ್ಕರನ್ನು ನಿಧಾನವಾಗಿ ಒತ್ತುತ್ತ ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬರುವುದನ್ನು ಕಾಯಬೇಕು. ಆಗ ಎಡಗೈಯ ಪುಟ್ಟ ಡಿಕಂಪ್ರೆಷನ್ ಲಿವರನ್ನು ಹಿಡಿದು, ಎಕ್ಸಾಸ್ಟ್ ವಾಲ್ವ್ ತೆರೆದ ಸ್ಥಿತಿಯಲ್ಲಿ ಪಿಸ್ಟನ್ನನ್ನು ತುಸು ಮುಂದೆ ಸರಿಸಿ, ಲಿವರ್ ಬಿಟ್ಟು, ಮೈಭಾರವನ್ನೆಲ್ಲ ಹಾಕಿ ಒದೆಯಬೇಕು. ಬಲಕ್ಕಿಂತ ಹದ ಮುಖ್ಯ.

ಮಣ್ಣಿನ ಹಾದಿಯ ಬೈಕುಗಳಿಗೂ ಇದೇ ತಾಪತ್ರಯ. ಯಮಾಹಾ 1976ರ ಎಕ್ಸ್‌ಟಿ 500ಕ್ಕೆ ಲಿವರಿನ ಜೊತೆಗೆ ಒಂದು ಗಾಜಿನ ಕಿಂಡಿಯನ್ನೂ ಇಟ್ಟಿತು. ಅದರಲ್ಲಿ ಗುರುತು ಕಂಡರೆ ಒದೆಯಬಹುದು. 1979ರ ಮೊದಲ ಪ್ಯಾರಿಸ್–ಡಕಾರ್ ಸ್ಪರ್ಧೆಯನ್ನು ಸಿರಿಲ್ ನೆವ್ಯೂ ಗೆದ್ದದ್ದು ಈ ಬೈಕಿನ ಮೇಲೆ. ಮರುಭೂಮಿಯಲ್ಲಾದರೆ ಕಿಂಡಿಯೊಳಗೆ ಇಣುಕಲು ವ್ಯವಧಾನವುಂಟು. ಮೋಟೋಕ್ರಾಸ್‌ನಲ್ಲಿ ಬಿದ್ದವನಿಗೆ ಅದೆಲ್ಲಿಯದು? 1998ರ ವೈಝಡ್ 400 ಎಫ್ ಬಂದಾಗ ಕಷ್ಟವಾದದ್ದೇ ಅಲ್ಲಿ. ಬಿದ್ದ ಬಿಸಿ ಎಂಜಿನ್ನಿನಲ್ಲಿ ಪೆಟ್ರೋಲು ಹೆಚ್ಚಾಗಿ ತುಂಬಿರುತ್ತದೆ. ಹಾಟ್ ಸ್ಟಾರ್ಟ್ ಗುಂಡಿ ಎಳೆದು ಹೆಚ್ಚುವರಿ ಗಾಳಿ ಬಿಡಬೇಕು, ಮತ್ತೆ ಲಿವರ್, ಮತ್ತೆ ಹದ. ಅಷ್ಟರಲ್ಲಿ ಟು ಸ್ಟ್ರೋಕಿನವರು ಮುಂದಿನ ತಿರುವು ದಾಟಿರುತ್ತಾರೆ.

2003ರ ವೈಝಡ್ 450 ಎಫ್‌ನಲ್ಲಿ ಲಿವರಿನ ಕೆಲಸವನ್ನು ಕ್ಯಾಮ್‌ಶಾಫ್ಟಿನಲ್ಲಿಯೇ ಅಡಗಿಸಿದರು. ನಿಧಾನವಾಗಿ ತಿರುಗುವಾಗ ಒಂದು ಸಣ್ಣ ಮೊಳೆ ಹೊರಚಾಚಿ ಎಕ್ಸಾಸ್ಟ್ ವಾಲ್ವನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತದೆ. ಎಂಜಿನ್ ವೇಗ ಹಿಡಿದೊಡನೆ ಪುಟ್ಟ ತೂಕವೊಂದು ಹೊರಕ್ಕೆ ಸರಿದು ಮೊಳೆಯನ್ನು ಒಳಗೆಳೆದುಕೊಳ್ಳುತ್ತದೆ. ಇದು ಯಮಾಹಾದವರ ಸ್ವಂತ ಕಲ್ಪನೆಯೇನಲ್ಲ. ಆದರೆ ಸವಾರನ ಕೈಯಿಂದ ಲಿವರು ಹೋದದ್ದು ಇಂಥ ಮೊಳೆಯಿಂದಲೇ. ಸ್ಟಾರ್ಟರ್ ಮೋಟಾರನ್ನು ಹೊಗಳುವವರು ಇದನ್ನು ಮರೆಯುತ್ತಾರೆ. ಒತ್ತಡ ಮೊದಲು ಇಳಿದದ್ದರಿಂದಲೇ ಚಿಕ್ಕ ಬ್ಯಾಟರಿ, ಹಗುರ ಮೋಟಾರು ಸಾಕಾದವು. ಅದೇ ವೈಝಡ್ 450 ಎಫ್‌ಗೆ ಗುಂಡಿ ಬಂದದ್ದು ಹದಿನೈದು ವರ್ಷಗಳ ನಂತರ, 2018ರಲ್ಲಿ.

ಬುಲೆಟ್ಟಿನ ವಂಶಕ್ಕೂ ಮೊಳೆ ತಲುಪಿತು. 2009ರ ಕ್ಲಾಸಿಕ್‌ನ ಹೊಸ ಎಂಜಿನ್ನಿನಲ್ಲಿ ಅದಿದೆ. 2016ರ ಹಿಮಾಲಯನ್ನಿನಲ್ಲಿ ಕಿಕ್ಕರೇ ಇಲ್ಲ. ಘಾಟಿಯ ಮಳೆಯಲ್ಲಿ ಅದರ ಬ್ಯಾಟರಿ ಕೈಕೊಟ್ಟರೆ ಗೇರಿಗೆ ಹಾಕಿ ಇಳಿಜಾರಿನಲ್ಲಿ ತಳ್ಳಬೇಕು. ಪೆಟ್ರೋಲ್ ಪಂಪಿಗೆ ಬೇಕಾದಷ್ಟು ವಿದ್ಯುತ್ತೂ ಉಳಿಯದಿದ್ದರೆ ಇಂಜೆಕ್ಷನ್ ಗಾಡಿ ತಳ್ಳಿದರೂ ಏಳುವುದಿಲ್ಲ. ಆಗ ಮುರಬಾಡಿನಿಂದ ಟೆಂಪೊ ತರಿಸಬೇಕು.