ಉಂಡೆ ಸಹಸ್ರಪದಿ (ಆರ್ತ್ರೋಸ್ಫೇರಾ)

ಮುಟ್ಟಿದೊಡನೆ ಮೈಯನ್ನು ಗೋಲಿಯಂತೆ ಸುತ್ತಿಕೊಳ್ಳುವ ಸಹಸ್ರಪದಿಗಳ ಕುಲ. ಇದರ ನೆಲೆ ದಕ್ಷಿಣ ಭಾರತ ಮತ್ತು ಶ್ರೀಲಂಕಾ. ಕರ್ನಾಟಕದಲ್ಲಿ ಮುಖ್ಯವಾಗಿ ಪಶ್ಚಿಮ ಘಟ್ಟದ ಕಾಡು, ತೋಟಗಳಲ್ಲಿ ಕಾಣಸಿಗುತ್ತದೆ.

ಪಶ್ಚಿಮ ಯುರೋಪಿನ ಗ್ಲೊಮೆರಿಸ್ ಮಾರ್ಜಿನೇಟ ಕೂಡ ಹೀಗೆಯೇ ಉಂಡೆಯಾಗುತ್ತದೆ. ಆದರೆ ಎರಡೂ ಬೇರೆ ಬೇರೆ ಗಣಗಳಿಗೆ ಸೇರಿದವು. ಯುರೋಪಿನದು ಶತ್ರು ಬಂದರೆ ಅಂಟಾದ ವಿಷದ್ರವವನ್ನು ಒಸರುತ್ತದೆ. ನಮ್ಮದಕ್ಕೆ ಅಂಥ ಗ್ರಂಥಿಗಳಿಲ್ಲ, ಗಟ್ಟಿ ಚಿಪ್ಪೇ ರಕ್ಷಣೆ. ಆರ್ತ್ರೋಸ್ಫೇರಾದ ಹತ್ತಿರದ ನೆಂಟರಿರುವುದು ಕಡಲಾಚೆಯ ಮಡಗಾಸ್ಕರಿನಲ್ಲಿ. ಅದೇ ಗಣದ ಇತರ ಜೀವಿಗಳು ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿವೆ. ಈ ನಾಡುಗಳೆಲ್ಲ ಒಮ್ಮೆ ಕೂಡಿದ್ದ ಗೊಂಡ್ವಾನ ಭೂಖಂಡ ಒಡೆದು ಚದುರಿದ ಕಥೆಯನ್ನು ಈ ಪುಟ್ಟ ಜೀವಿಯ ಹಂಚಿಕೆಯಲ್ಲಿ ಓದಬಹುದೆಂಬುದು ನಿಜಕ್ಕೂ ಬೆರಗಿನ ಸಂಗತಿ.

ಇದರ ಅಧ್ಯಯನ ಆರಂಭವಾದದ್ದು ವರ್ಗೀಕರಣದಿಂದ. 1865ರಲ್ಲಿ ಪ್ರಾಣಿವಿಜ್ಞಾನಿ ಹಂಬರ್ಟ್ ಶ್ರೀಲಂಕಾದ ಪ್ರಭೇದಗಳನ್ನು ವಿವರಿಸಿದರು. 1895ರಲ್ಲಿ ಬ್ರಿಟಿಷ್ ಪ್ರಾಣಿವಿಜ್ಞಾನಿ ಪೋಕಾಕ್ ಈ ಕುಲವನ್ನು ಹೆಸರಿಸಿದರು. ಆಸ್ಟ್ರಿಯದ ಅಟೆಮ್ಸ್ 1936ರಲ್ಲಿ ಭಾರತದ ಸಹಸ್ರಪದಿಗಳ ಕುರಿತ ಗ್ರಂಥದಲ್ಲಿ ಆರ್ತ್ರೋಸ್ಫೇರಾ ಮ್ಯಾಗ್ನ ಪ್ರಭೇದವನ್ನು ಸೇರಿಸಿದರು. ಈ ಮೂವರ ಕೆಲಸ ಮುಖ್ಯವಾಗಿ ದೇಹರಚನೆಯದು. ಈ ಜೀವಿ ಏನು ತಿನ್ನುತ್ತದೆ, ಯಾವಾಗ ಹೊರಬರುತ್ತದೆ ಎಂದು ನೆಲದ ಮೇಲೆ ಕೂತು ನೋಡಿದವರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಕೆ.ಎಂ. ಅಶ್ವಿನಿ ಮತ್ತು ಕೆ.ಆರ್. ಶ್ರೀಧರ್ ಸೇರಿದ್ದಾರೆ. ಮಿಶ್ರ ತೋಟ ಮತ್ತು ಅರೆ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಇದರ ಋತುಮಾನದ ಏರಿಳಿತವನ್ನು ಕುರಿತ ಅವರ ಪ್ರಬಂಧ 2006ರಲ್ಲಿ ಪ್ರಕಟವಾಯಿತು. ಮಳೆಗಾಲದಲ್ಲಿ ತರಗೆಲೆಗಳ ನಡುವೆ ಓಡಾಡುವ ಇದು ನೆಲ ಒಣಗಿದಾಗ ಮಣ್ಣೊಳಗೆ ಇಳಿಯುತ್ತದೆ. ಅಡಿಕೆ, ಗೇರು, ಕೊಕ್ಕೊ ತೋಟಗಳ ಕಸವನ್ನು ತಿಂದು ಹಾಕುವ ಹಿಕ್ಕೆ ಒಳ್ಳೆಯ ಗೊಬ್ಬರ.

ಘಟ್ಟದಿಂದ ಪೂರ್ವಕ್ಕೆ ಬಂದಂತೆ ಚಿತ್ರ ಬದಲಾಗುತ್ತದೆ. ಮಂಡ್ಯ ಜಿಲ್ಲೆಯ ಪಾಂಡವಪುರ, ನಾಗಮಂಗಲದ ಕಡೆ ಮಳೆ ಕಡಿಮೆ. ಪಾಂಡವಪುರದ ಕುಂತಿಬೆಟ್ಟದ ಸುತ್ತ ಬಂಡೆ ಮತ್ತು ಕುರುಚಲು. ವಿಶ್ವೇಶ್ವರಯ್ಯ ನಾಲೆ ಗದ್ದೆಗೆ ನೀರು ತಂದಿದೆ ನಿಜ, ಆದರೆ ಈ ಜೀವಿಗೆ ಬೇಕಾದದ್ದು ಬರಿಯ ನೀರಲ್ಲ. ಉಳುಮೆ ತಾಗದ, ವರ್ಷಗಳಿಂದ ಕೊಳೆಯುತ್ತ ಬಂದ ಎಲೆಗಳ ಹಾಸು ಬೇಕು. ಕಬ್ಬಿನ ತರಗಿಗೆ ಬೆಂಕಿ ಇಡುವ ಹೊಲದಲ್ಲಿ ಅಂಥ ಹಾಸು ಸಿಗದು. ಇಲ್ಲಿ ಮುಂಗಾರಿನಲ್ಲಿ ಕಾಣುವವು ಉದ್ದ ಮೈಯ, ಚಕ್ಕುಲಿಯಂತೆ ಸುರುಳಿ ಸುತ್ತುವ ಬೇರೆ ಸಹಸ್ರಪದಿಗಳು. ಅವೂ ಮಣ್ಣಿಗೆ ಗೊಬ್ಬರ ಸೇರಿಸುವವೇ. ತುಳಿದು ಕೊಲ್ಲದೆ, ತರಗಿಗೆ ಬೆಂಕಿ ಇಡದೆ ಬಿಡುವುದು ರೈತರಿಗೇ ಲಾಭ.